ನನ್ನ ಓಟು, ಅವರ ಫೋನು: ಯಾವುದಕ್ಕೆ ಬೆಲೆ ಜಾಸ್ತಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಭಾಂಡುಪಿನಲ್ಲಿ ಇರುವವನು, ಊರು ಕುಂದಾಪುರದ ಹತ್ತಿರ. ಹುಡುಗನಾಗಿದ್ದಾಗ ಮುಂಬೈಗೆ ಬಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದೆ, ಈಗ ಮ್ಯಾನೇಜರ್ ಆಗಿದ್ದೇನೆ. ಇಲ್ಲಿಯವರೆಗೆ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ನಮ್ಮ ಸೊಸೈಟಿಯ ಎದುರಿನ ಗಟಾರ ಪ್ರತಿ ಮಳೆಗಾಲ ತುಂಬಿ ನೀರು ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಅದೇ ರಸ್ತೆಯ ತುದಿಯಲ್ಲಿ ಹೊಸ ಟವರ್ ಎದ್ದಿತು. ಅದರ ಮುಂದೆ ಮಾತ್ರ ಕಾಂಕ್ರೀಟ್ ರಸ್ತೆ, ಗಟಾರ ಎಲ್ಲ ಬೇಗ ಬೇಗ ಆಗಿಹೋಯಿತು. ನನ್ನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ‘ಪಪ್ಪಾ, ಓಟು ಹಾಕಿ ಏನೂ ಆಗೋದಿಲ್ಲ, ದುಡ್ಡಿದ್ದವರ ಮಾತೇ ನಡೆಯೋದು, ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ’ ಅನ್ನುತ್ತಾನೆ. ಇದು ನಿಜವೇ? ನಿಜವಾದರೆ ನಾವು ಸಾಲಿನಲ್ಲಿ ನಿಂತು ಓಟು ಹಾಕುವುದು ಯಾಕೆ?

ಉತ್ತರ: ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉಳಿದರ್ಧವನ್ನೂ ನಂಬಿ ಅವನು ಮನೆಯಲ್ಲೇ ಕೂತರೆ ನಷ್ಟ ಅವನಿಗೇ. ಈ ನಗರದಲ್ಲಿ ಬಹಳ ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು. ಇದೇ ಪ್ರಶ್ನೆ ತರಗತಿಯಲ್ಲಿ ಪ್ರತಿ ವರ್ಷ ಬರುತ್ತಿತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಕಣ್ಣಿಗೆ ಕಾಣುವ, ಚುನಾವಣೆ ಹತ್ತಿರ ಬಂದಾಗ ಮನೆಮನೆಯ ಮಾತಾಗುವ ವಿಷಯಗಳಲ್ಲಿ ಓಟಿಗೆ ಬಲ ಜಾಸ್ತಿ. ಎರಡು ಚುನಾವಣೆಗಳ ನಡುವೆ, ನಿಯಮದೊಳಗಿನ ಉಪನಿಯಮದಲ್ಲಿ, ನಾಲ್ಕು ಜನರಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ ತೀರ್ಮಾನವಾಗುವ ವಿಷಯಗಳಲ್ಲಿ ದುಡ್ಡಿಗೆ ಬಲ ಜಾಸ್ತಿ. ಮುಂಬೈಯಲ್ಲಿ ಕೋಟಿಗಟ್ಟಲೆ ಹಣ ಕೈ ಬದಲಾಯಿಸುವ ತೀರ್ಮಾನಗಳು ಹೆಚ್ಚಾಗಿ ಈ ಎರಡನೇ ಜಾತಿಯವು. ತೊಂದರೆ ಇರುವುದು ಇಲ್ಲೇ.

ಓಟು ಏನು ಮಾಡಿಸಿದೆ ಎಂಬುದನ್ನು ಮೊದಲು ನೋಡೋಣ. ನಿಮ್ಮ ಮನೆ 500 ಚದರ ಅಡಿಯ ಒಳಗಿದ್ದರೆ ಪಾಲಿಕೆಗೆ ನೀವು ಈಗ ಆಸ್ತಿ ತೆರಿಗೆ ಕಟ್ಟುವುದಿಲ್ಲ, ಅಲ್ವಾ? ಅದು 2017ರ ಪಾಲಿಕೆ ಚುನಾವಣೆಯಲ್ಲಿ ಶಿವಸೇನೆ ಕೊಟ್ಟ ಮಾತು. ಮೊದಲು ತೆರಿಗೆಯ ಒಂದು ಭಾಗ ಮಾತ್ರ ಬಿಟ್ಟರು. ಜನ ಬಿಡಲಿಲ್ಲ, ವಿರೋಧ ಪಕ್ಷದವರೂ ಬಿಡಲಿಲ್ಲ. ಮತ್ತೊಂದು ಚುನಾವಣೆ ಎದುರಿಗೆ ಬಂದಾಗ, 2022ರ ಜನವರಿಯಲ್ಲಿ, ಪೂರ್ತಿ ಮನ್ನಾ ಆಯಿತು. ಮುಲುಂಡ್, ಐರೋಲಿ, ದಹಿಸರ್, ವಾಶಿ, ಆನಂದ್ ನಗರ, ಈ ಐದೂ ನಾಕಾಗಳಲ್ಲಿ ಸಣ್ಣ ವಾಹನಗಳಿಗೆ ಟೋಲ್ ನಿಂತದ್ದು 2024ರ ಅಕ್ಟೋಬರ್ 14ರ ಮಧ್ಯರಾತ್ರಿ. ಮರುದಿನವೇ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾಗಿ ನೀತಿಸಂಹಿತೆ ಜಾರಿಗೆ ಬಂತು. ವರ್ಷಗಟ್ಟಲೆ ಕೇಳಿದರೂ ಆಗದ್ದು ಹೀಗೆ ಒಂದೇ ದಿನದಲ್ಲಿ ಆಯಿತು. ಬಡ ಕುಟುಂಬದ ಹೆಂಗಸರ ಖಾತೆಗೆ ತಿಂಗಳಿಗೆ 1,500 ರೂಪಾಯಿ ಹಾಕುವ ‘ಲಾಡ್ಕಿ ಬಹೀಣ್’ ಯೋಜನೆ ಶುರುವಾದದ್ದೂ ಅದೇ ವರ್ಷ.

ಇದನ್ನು ಕೆಲವರು ‘ಪುಕ್ಕಟೆ ಕೊಡುಗೆ’ ಎಂದು ಹೀಗಳೆಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಓಟಿಗೆ ಹೆದರಿ ಸರ್ಕಾರ ಬಡವರ ಕಡೆ ತಿರುಗಿ ನೋಡಿದರೆ ಅದು ಪ್ರಜಾಪ್ರಭುತ್ವ ಕೆಲಸ ಮಾಡಿದ ಲಕ್ಷಣವೇ. ಕೊಳೆಗೇರಿಯವರ ವಿಷಯ ನೋಡಿ. 1995ರ ಜನವರಿ 1ಕ್ಕಿಂತ ಮೊದಲು ಬಂದವರಿಗೆ ಮಾತ್ರ ಪುಕ್ಕಟೆ ಮನೆ ಎಂದು ಶುರುವಾದ ಯೋಜನೆ ಅದು. ಆಮೇಲೆ ಆ ಗಡುವು 2000ಕ್ಕೆ ಸರಿಯಿತು. ಮುಂದೆ 2011ರವರೆಗೆ ಬಂದವರಿಗೆ ದುಡ್ಡು ಕಟ್ಟಿ ಮನೆ ಪಡೆಯುವ ಅವಕಾಶ ಸಿಕ್ಕಿತು. ಮನೆಯ ಅಳತೆಯೂ 225 ಚದರ ಅಡಿಯಿಂದ 269ಕ್ಕೆ, ಅಲ್ಲಿಂದ 300ಕ್ಕೆ ಏರಿತು. ಯಾವ ಶ್ರೀಮಂತನೂ ಇದನ್ನು ಕೇಳಿರಲಿಲ್ಲ. ಲಕ್ಷಾಂತರ ಓಟುಗಳು ಮಾಡಿಸಿದ ಕೆಲಸ ಇದು.

ಇನ್ನೊಂದು ವಿಷಯ ನಿಮ್ಮ ಮಗನಿಗೆ ಹೇಳಿ. 2024ರ ನವೆಂಬರಿನ ವಿಧಾನಸಭಾ ಚುನಾವಣೆಯಲ್ಲಿ ಕಫ್ ಪರೇಡ್ ಕಡೆಯ ಶ್ರೀಮಂತರ ಮನೆಗಳೂ ಸೇರುವ ಕೊಲಾಬಾ ಕ್ಷೇತ್ರದಲ್ಲಿ ಮತದಾನ ಆದದ್ದು ಶೇ. 44ರ ಆಸುಪಾಸು. ನಿಮ್ಮ ಭಾಂಡುಪ್ ಪಶ್ಚಿಮದಲ್ಲಿ ಶೇ. 60 ದಾಟಿತ್ತು. ಮುಂಬೈಯಲ್ಲಿ ಇದು ಹೊಸದೇನಲ್ಲ. ದೊಡ್ಡ ಮನೆಯವರು ಮತಗಟ್ಟೆಗೆ ಬರುವುದು ಕಡಿಮೆ. ಆದರೂ ಅವರ ಮಾತು ನಡೆಯುತ್ತದೆ. ಅಂದಮೇಲೆ ಅವರು ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಾರೆ ಎಂದಾಯಿತು.

ಮೊದಲ ಬಾಗಿಲು ಉಮೇದುವಾರಿಕೆಯದ್ದು. ಓಟು ಹಾಕಲು ಎಲ್ಲರಿಗೂ ಹಕ್ಕಿದೆ. ಆದರೆ ನಿಮ್ಮೆದುರು ಯಾರ ಹೆಸರು ಬರಬೇಕು ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮಂಥ ದೊಡ್ಡ ರಾಜ್ಯದಲ್ಲಿ ಲೋಕಸಭೆಯ ಅಭ್ಯರ್ಥಿ 95 ಲಕ್ಷದವರೆಗೆ, ವಿಧಾನಸಭೆಯ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು. ಹೋಟೆಲ್ ಮ್ಯಾನೇಜರೊಬ್ಬರು ಇಷ್ಟು ಹಣ ಕೂಡಿಡಬೇಕಾದರೆ ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ. ಅದೂ ಕಾಗದದ ಮೇಲಿನ ಮಿತಿ. ಪಕ್ಷ ತಾನೇ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷ ಅಭ್ಯರ್ಥಿಗಾಗಿ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿತ್ತು. ಹೇಳಿದ ಸ್ವಲ್ಪ ದಿನದಲ್ಲೇ ಕಾನೂನು ತಿದ್ದಿ ಆ ತೀರ್ಪನ್ನು ಬದಿಗೆ ಸರಿಸಿದರು.

ಇದರ ಫಲ ಸಂಸತ್ತಿನಲ್ಲಿ ಕಾಣುತ್ತದೆ. ಅಭ್ಯರ್ಥಿಗಳೇ ಕೊಟ್ಟ ಪ್ರಮಾಣಪತ್ರಗಳನ್ನು ಲೆಕ್ಕ ಹಾಕುವ ಎಡಿಆರ್ ಸಂಸ್ಥೆಯ ಪ್ರಕಾರ 2009ರಲ್ಲಿ ಗೆದ್ದವರಲ್ಲಿ ಕೋಟ್ಯಧಿಪತಿಗಳು ಶೇ. 58. 2014ರಲ್ಲಿ ಶೇ. 82, 2019ರಲ್ಲಿ ಶೇ. 88. 2024ರಲ್ಲಿ 543 ಮಂದಿಯಲ್ಲಿ 504 ಮಂದಿ, ಅಂದರೆ ಶೇ. 93. ಮುಂಬೈಯಲ್ಲಿ ಒಂದು ಸಾಧಾರಣ ಫ್ಲಾಟ್ ಇದ್ದರೂ ಕೋಟಿಯ ಲೆಕ್ಕಕ್ಕೆ ಬರುತ್ತಾರೆ, ಅದನ್ನು ಒಪ್ಪಿಕೊಳ್ಳೋಣ. ಆದರೆ 2024ರಲ್ಲಿ ಗೆದ್ದವರ ಸರಾಸರಿ ಆಸ್ತಿ 46 ಕೋಟಿಗಿಂತ ಜಾಸ್ತಿ. ಅದು ಬರೀ ಫ್ಲಾಟಿನ ಲೆಕ್ಕ ಅಲ್ಲ. ದುಡ್ಡಿದ್ದವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಆದರೆ ಗಟಾರದ ನೀರು ಮನೆಯೊಳಗೆ ನುಗ್ಗಿದಾಗ ಚಾಪೆ ಸುತ್ತಿ ಮಂಚದ ಮೇಲಿಟ್ಟ ಅನುಭವ ಇರುವವರು ಆ ಸಭೆಯಲ್ಲಿ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ.

ಎರಡನೆಯದು ದೇಣಿಗೆಯ ಬಾಗಿಲು. ಚುನಾವಣಾ ಬಾಂಡುಗಳ ಕಥೆ ನೀವು ಕೇಳಿಯೇ ಇರುತ್ತೀರಿ. 2017ರ ಬಜೆಟ್ಟಿನ ಜೊತೆ ಕಾನೂನು ಬಂತು, 2018ರಲ್ಲಿ ಮಾರಾಟ ಶುರುವಾಯಿತು. ಸ್ಟೇಟ್ ಬ್ಯಾಂಕಿನಲ್ಲಿ ಬಾಂಡು ಕೊಂಡು ಬೇಕಾದ ಪಕ್ಷಕ್ಕೆ ಕೊಡಬಹುದು, ಕೊಟ್ಟವರ ಹೆಸರು ಜನರಿಗೆ ಗೊತ್ತಾಗುವಂತಿಲ್ಲ. ಕಾಗದದ ಮೇಲೆ ಇದು ಎಲ್ಲರಿಗೂ ತೆರೆದ ಯೋಜನೆ. 1,000 ರೂಪಾಯಿಯ ಬಾಂಡೂ ಇತ್ತು, ನೀವೂ ಒಂದು ಕೊಳ್ಳಬಹುದಿತ್ತು. ಆದರೆ ಮಾರಾಟವಾದ ಬಾಂಡುಗಳ ಮೊತ್ತದಲ್ಲಿ ಶೇ. 90ಕ್ಕಿಂತ ಜಾಸ್ತಿ ಪಾಲು 1 ಕೋಟಿ ಮುಖಬೆಲೆಯ ಬಾಂಡುಗಳದ್ದೇ. ಒಟ್ಟು 16,000 ಕೋಟಿಗೂ ಮೀರಿ ಮಾರಾಟವಾಯಿತು.

ಅದೇ 2017ರಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಅದರ ಬಗ್ಗೆ ಮಾತಾಡಿದವರು ಕಡಿಮೆ. ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 7.5ಕ್ಕಿಂತ ಜಾಸ್ತಿ ದೇಣಿಗೆ ಕೊಡುವಂತಿಲ್ಲ ಎಂಬ ಮಿತಿ ಮೊದಲು ಇತ್ತು. ಅದನ್ನು ತೆಗೆದುಹಾಕಿದರು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು ಎಂದಾಯಿತು. ನಷ್ಟದಲ್ಲಿರುವವರು ಪಕ್ಷಕ್ಕೆ ಕೋಟಿ ಕೊಡುವುದು ಯಾಕೆ? ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಬಾಂಡುಗಳನ್ನು ರದ್ದು ಮಾಡಿದಾಗ ಇದೇ ಪ್ರಶ್ನೆಯನ್ನು ಎತ್ತಿತು. ಕಂಪನಿಗಳು ಕೊಡುವ ದೇಣಿಗೆ ವ್ಯಾಪಾರದ ವ್ಯವಹಾರ, ಪ್ರತಿಫಲ ಬಯಸಿ ಕೊಡುವಂಥದ್ದು ಎಂದಿತು. ದುಡ್ಡು ಕೊಟ್ಟವರಿಗೆ ಅಧಿಕಾರದಲ್ಲಿರುವವರ ಬಳಿ ಕೂತು ಮಾತಾಡುವ ಅವಕಾಶ ಸಿಗುತ್ತದೆ, ಆ ಮಾತು ನೀತಿಯಾಗಿ ಹೊರಬರಬಹುದು ಎಂದೂ ವಿವರಿಸಿತು. ಮಾರ್ಚಿನಲ್ಲಿ ಹೆಸರುಗಳು ಹೊರಬಿದ್ದವು. ಎಲ್ಲಕ್ಕಿಂತ ಜಾಸ್ತಿ, 1,368 ಕೋಟಿಯ ಬಾಂಡು ಕೊಂಡದ್ದು ಒಂದು ಲಾಟರಿ ಕಂಪನಿ. ಎರಡನೆಯದು ಸರ್ಕಾರಿ ಗುತ್ತಿಗೆಗಳನ್ನು ಮಾಡುವ ಎಂಜಿನಿಯರಿಂಗ್ ಕಂಪನಿ. ಸಿಂಹಪಾಲು ಸಿಕ್ಕಿದ್ದು ಕೇಂದ್ರದಲ್ಲಿ ಅಧಿಕಾರದಲ್ಲಿದ್ದ ಬಿಜೆಪಿಗೆ. ರಾಜ್ಯಗಳಲ್ಲಿ ಅಧಿಕಾರದಲ್ಲಿದ್ದ ತೃಣಮೂಲ, ಬಿಆರ್‌ಎಸ್, ಕಾಂಗ್ರೆಸ್ ಪಕ್ಷಗಳಿಗೂ ದೊಡ್ಡ ಮೊತ್ತವೇ ಹೋಗಿತ್ತು. ಎಲ್ಲಿ ಅಧಿಕಾರವೋ ಅಲ್ಲಿಗೆ ದುಡ್ಡು. ಈಗ ಬಾಂಡು ಇಲ್ಲ. ಆದರೆ ಚೆಕ್ ಮೂಲಕ, ಚುನಾವಣಾ ಟ್ರಸ್ಟುಗಳ ಮೂಲಕ ದೇಣಿಗೆ ಹೋಗುತ್ತಲೇ ಇದೆ. ಹೆಸರು ತಡವಾಗಿಯಾದರೂ ಗೊತ್ತಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ನನ್ನ ಮಟ್ಟಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಮೂರನೆಯದು ನಿಯಮ ಬರೆಯುವ ಬಾಗಿಲು. ಅದೇ ನಿಮ್ಮ ಪ್ರಶ್ನೆಯ ಹೃದಯ. ಇದಕ್ಕೆ ಮುಂಬೈಗಿಂತ ಒಳ್ಳೆಯ ಪಾಠಶಾಲೆ ಸಿಗುವುದಿಲ್ಲ.

ಲೋವರ್ ಪರೇಲಿನಲ್ಲಿ ನಿಂತು ಸುತ್ತ ನೋಡಿ. ಈಗ ಮಾಲು, ಗಾಜಿನ ಆಫೀಸು, ಆಕಾಶದೆತ್ತರದ ಟವರುಗಳು. ಇದೆಲ್ಲ ಗಿರಣಿಗಳ ಜಾಗ. ನಮ್ಮವರೂ ಅಲ್ಲಿ ದುಡಿದಿದ್ದಾರೆ, ಗಿರಣಿ ಗೇಟಿನ ಎದುರು ಚಹಾ ತಿಂಡಿ ಮಾರಿ ಬದುಕಿದ್ದಾರೆ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಅವರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದದ್ದು ನಗರದ ನಡುಮಧ್ಯದ ಸುಮಾರು 600 ಎಕರೆ ಜಾಗ.

1991ರ ಅಭಿವೃದ್ಧಿ ನಿಯಮಗಳಲ್ಲಿ 58ನೇ ನಿಯಮ ಈ ಜಾಗಕ್ಕೆಂದೇ ಬಂತು. ಗಿರಣಿ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಹೆಚ್ಚುಕಡಿಮೆ ಮೂರು ಪಾಲು ಮಾಡಬೇಕು. ಒಂದು ಪಾಲು ಪಾಲಿಕೆಗೆ, ಮೈದಾನ ಉದ್ಯಾನಗಳಿಗೆ. ಒಂದು ಪಾಲು ರಾಜ್ಯದ ವಸತಿ ಸಂಸ್ಥೆ ಮ್ಹಾಡಾಕ್ಕೆ, ಸಾಮಾನ್ಯ ಜನರ ಮನೆಗಳಿಗೆ. ಒಂದು ಪಾಲು ಮಾಲೀಕರಿಗೆ. ಯೋಚನೆ ಮಾಡಿ. ಇದು ಹಾಗೆಯೇ ನಡೆದಿದ್ದರೆ ಉಸಿರುಗಟ್ಟುವ ಈ ಊರಿನ ಮಧ್ಯದಲ್ಲಿ ನೂರಾರು ಎಕರೆ ಬಯಲು, ಸಾವಿರಾರು ಕೈಗೆಟುಕುವ ಮನೆ ಇರುತ್ತಿತ್ತು.

2001ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಪಾಲು ಮಾಡಬೇಕಾದದ್ದು ಗಿರಣಿಯ ಇಡೀ ಜಾಗ ಅಲ್ಲ, ಅದರೊಳಗೆ ಈಗಾಗಲೇ ಖಾಲಿ ಬಿದ್ದಿರುವ ಜಾಗ ಮಾತ್ರ ಎಂದಾಯಿತು. ಶೆಡ್ಡು ಕೆಡವಿದ ಮೇಲೆ ಖಾಲಿಯಾಗುವ ಜಾಗ ಲೆಕ್ಕಕ್ಕಿಲ್ಲ. ಗಿರಣಿ ಅಂದಮೇಲೆ ಶೆಡ್ಡು, ಗೋದಾಮು, ಬಾಯ್ಲರ್ ಮನೆಗಳೇ ಅಲ್ವಾ ಜಾಸ್ತಿ? ಅಲ್ಲಿ ಮೊದಲೇ ಖಾಲಿ ಇರುವ ಜಾಗ ಎಷ್ಟಿರುತ್ತದೆ? ಕೆಲವೇ ಪದಗಳ ಬದಲಾವಣೆ. ಅದರಿಂದ ನಗರಕ್ಕೆ ಸಿಗಬೇಕಾದ ಪಾಲು ಕುಗ್ಗಿ ಹೋಯಿತು. ಪರಿಸರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಬಾಂಬೆ ಹೈಕೋರ್ಟ್ 2005ರಲ್ಲಿ ನಗರದ ಪರವಾಗಿ ತೀರ್ಪು ಕೊಟ್ಟಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಗಿರಣಿ ಕಾರ್ಮಿಕರ ಕುಟುಂಬಗಳಿಂದ ಮನೆಗಾಗಿ ಲಕ್ಷಕ್ಕೂ ಮೀರಿ ಅರ್ಜಿ ಬಂದಿವೆ. ಲಾಟರಿಯಲ್ಲಿ ಹೆಸರು ಬಂದು ಮನೆ ಸಿಕ್ಕವರು ಅದರಲ್ಲಿ ಸಣ್ಣ ಪಾಲು.

ಈಗ ನಾನು ಹೇಳಬೇಕೆಂದಿರುವ ಮಾತು ಇಷ್ಟು. ಲಾಲ್‌ಬಾಗ್, ಪರೇಲಿನ ಕಾರ್ಮಿಕರು ಓಟು ಹಾಕದ ಜನ ಅಲ್ಲ. ಆ ಭಾಗದಲ್ಲಿ ಅವರ ಬೆಂಬಲ ಇಲ್ಲದೆ ಯಾರೂ ಗೆಲ್ಲುವಂತಿರಲಿಲ್ಲ. ಮುಷ್ಕರ, ಕೂಲಿ, ಮನೆ, ಎಲ್ಲ ಭಾಷಣದಲ್ಲೂ ಇದೇ ವಿಷಯ. ಆದರೆ ‘58ನೇ ನಿಯಮದಲ್ಲಿ ಖಾಲಿ ಜಾಗ ಎಂದರೆ ಏನು’ ಎಂಬುದು ಯಾವ ಚುನಾವಣೆಯಲ್ಲೂ ಪ್ರಶ್ನೆಯಾಗಲಿಲ್ಲ. ಆಗುವುದಾದರೂ ಹೇಗೆ? ಪಾಳಿ ಮುಗಿಸಿ ಬಂದವನಿಗೆ ಗೆಜೆಟ್ ಓದಲು ಪುರಸೊತ್ತು ಎಲ್ಲಿದೆ? ಜಾಗದ ಮಾಲೀಕರಿಗೆ ವಕೀಲರಿದ್ದರು, ವಾಸ್ತುಶಿಲ್ಪಿಗಳಿದ್ದರು, ಮಂತ್ರಾಲಯದಲ್ಲಿ, ಅಂದರೆ ರಾಜ್ಯದ ಸಚಿವಾಲಯದಲ್ಲಿ, ಯಾವ ಫೈಲು ಯಾವ ಮೇಜಿನ ಮೇಲಿದೆ ಎಂದು ತಿಳಿಸುವವರಿದ್ದರು. ಇದರಲ್ಲಿ ಲಂಚ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಲಂಚ ಇಲ್ಲದೆಯೂ ಇದು ನಡೆಯುತ್ತದೆ. ದುಡ್ಡು ಮೊದಲು ಕೊಳ್ಳುವುದು ಸಮಯವನ್ನು. ನಿಮ್ಮ ಪರವಾಗಿ ದಿನವಿಡೀ ಅದೊಂದೇ ಕೆಲಸ ಮಾಡುವ ಜನರನ್ನು.

ಎರಡನೇ ಉದಾಹರಣೆ ನಿಮ್ಮ ಲೈನಿನದ್ದೇ. 2005ರ ಡಾನ್ಸ್ ಬಾರ್ ನಿಷೇಧ ನೆನಪಿರಬೇಕು. ನಮ್ಮ ಕರಾವಳಿಯ ಎಷ್ಟೋ ಜನ ಆ ಬಾರುಗಳ ಮಾಲೀಕರಾಗಿ, ಗಲ್ಲೆಯಲ್ಲಿ ಕೂತು, ವೇಟರ್ ಆಗಿ ಬದುಕುತ್ತಿದ್ದರು. ಆ ಬಾರುಗಳು ಒಳ್ಳೆಯವೋ ಕೆಟ್ಟವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಕಾನೂನು ಹೇಗಿತ್ತು ನೋಡಿ. ಬಾಂಬೆ ಪೊಲೀಸ್ ಕಾಯ್ದೆಗೆ 33ಎ ಎಂಬ ಕಲಮು ಸೇರಿಸಿ ಪರ್ಮಿಟ್ ರೂಮು, ಬಿಯರ್ ಬಾರು, ಹೋಟೆಲುಗಳಲ್ಲಿ ನೃತ್ಯ ನಿಷೇಧಿಸಿದರು. ಅದರ ಹಿಂದೆಯೇ 33ಬಿ ಸೇರಿಸಿದರು. ಅದರ ಪ್ರಕಾರ ಮೂರು ತಾರೆ ಮತ್ತು ಮೇಲಿನ ದರ್ಜೆಯ ಹೋಟೆಲುಗಳಿಗೆ, ಸದಸ್ಯರಿಗೆ ಮಾತ್ರ ಪ್ರವೇಶವಿರುವ ಕ್ಲಬ್ಬು ಜಿಮಖಾನಾಗಳಿಗೆ ನಿಷೇಧ ಇಲ್ಲ.

ಅಂದರೆ ಘಾಟ್‌ಕೋಪರಿನ ಬಾರಿನಲ್ಲಿ ಕುಣಿದರೆ ಸಮಾಜ ಕೆಡುತ್ತದೆ, ಸಮುದ್ರ ಕಾಣುವ ಹೋಟೆಲಿನಲ್ಲಿ ಕುಣಿದರೆ ಕೆಡುವುದಿಲ್ಲ. ಸದನದಲ್ಲಿ ಇದು ಅಂಗೀಕಾರವಾಯಿತು. ಹೊರಗೆ ಪತ್ರಿಕೆಗಳಲ್ಲಿ ನಿಷೇಧದ ಮಾತೇ ದೊಡ್ಡದಾಗಿ ಬಂತು, ವಿನಾಯಿತಿಯ ಮಾತು ಸಣ್ಣದಾಯಿತು. 2006ರಲ್ಲಿ ಹೈಕೋರ್ಟ್, 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಈ ಭೇದಭಾವ ನಿಲ್ಲುವುದಿಲ್ಲ ಎಂದವು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಕುಣಿದು ಮನೆ ನಡೆಸುತ್ತಿದ್ದ ಸಾವಿರಾರು ಹೆಣ್ಣುಮಕ್ಕಳು ಎಲ್ಲೆಲ್ಲೋ ಚೆದುರಿ ಹೋಗಿದ್ದರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಇನ್ನೊಂದಿದೆ. ಬಾರ್ ಮಾಲೀಕರು ಬಡವರೇನಲ್ಲ. ಆದರೆ ಅವರಿಗಿಂತ ಮೇಲಿನವರಿಗೆ ಕಾನೂನಿನಲ್ಲಿ ಜಾಗ ಸಿಕ್ಕಿತು, ಇವರಿಗೆ ಸಿಗಲಿಲ್ಲ. ದುಡ್ಡಿನ ಬಲಕ್ಕೆ ಮೆಟ್ಟಿಲುಗಳಿವೆ. ನೀವು ಮಧ್ಯದ ಮೆಟ್ಟಿಲಲ್ಲಿದ್ದರೆ ಮೇಲಿನವರ ಎದುರು ನೀವೂ ಸಾಮಾನ್ಯರೇ. ಆದರೂ ಮಾಲೀಕರ ಸಂಘ ಇತ್ತು, ಬಾರ್ ಹುಡುಗಿಯರ ಯೂನಿಯನ್ ಇತ್ತು. ಅವರು ಕೂಡಿ ನಿಂತದ್ದರಿಂದಲೇ ಪ್ರಕರಣ ಕೊನೆಯವರೆಗೆ ನಡೆಯಿತು. ಒಬ್ಬೊಬ್ಬರೇ ಆಗಿದ್ದರೆ 2005ರಲ್ಲೇ ಮುಗಿದು ಹೋಗುತ್ತಿತ್ತು.

ನಿಮ್ಮ ಗಟಾರಕ್ಕೆ ಬರೋಣ. ಟವರಿನ ಮುಂದಿನ ಕೆಲಸ ಬೇಗ ಆದದ್ದಕ್ಕೆ ಯಾರೋ ಯಾರಿಗೋ ದುಡ್ಡು ಕೊಟ್ಟದ್ದೇ ಕಾರಣ ಎಂದು ಕೂತಲ್ಲಿಂದ ಹೇಳಲಾಗುವುದಿಲ್ಲ. ಬಿಲ್ಡರಿಗೆ ವಾಸದ ಪರವಾನಗಿ ಬೇಕು, ಅದಕ್ಕೆ ರಸ್ತೆ, ಚರಂಡಿ ಬೇಕು, ಅದನ್ನು ಬೆನ್ನು ಹತ್ತಿ ಮಾಡಿಸಲು ಅವರ ಹತ್ತಿರ ಸಂಬಳದ ಜನ ಇದ್ದಾರೆ. ನಿಮ್ಮ ಸೊಸೈಟಿಯ ಸೆಕ್ರೆಟರಿ ಬೆಳಿಗ್ಗೆ ಲೋಕಲ್ ಹಿಡಿದರೆ ರಾತ್ರಿ ಬರುವವರು.

ಅದರ ಮೇಲೆ ಇನ್ನೊಂದು ಸಂಗತಿ ನಡೆಯಿತು. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ. 2022ರ ಮಾರ್ಚಿನಲ್ಲಿ ಮುಂಬೈ ಪಾಲಿಕೆಯ ಅವಧಿ ಮುಗಿಯಿತು. ಮೀಸಲಾತಿ, ವಾರ್ಡ್ ಗಡಿಗಳ ವ್ಯಾಜ್ಯದಲ್ಲಿ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಮತದಾನ ನಡೆದದ್ದು 2026ರ ಜನವರಿಯಲ್ಲಿ. ಹೆಚ್ಚುಕಡಿಮೆ ನಾಲ್ಕು ವರ್ಷ 227 ವಾರ್ಡುಗಳಲ್ಲಿ ಒಬ್ಬ ನಗರಸೇವಕನೂ (ಕಾರ್ಪೊರೇಟರ್) ಇರಲಿಲ್ಲ, ಆಡಳಿತಾಧಿಕಾರಿಯದ್ದೇ ಕಾರುಬಾರು. 2025–26ರ 74,427 ಕೋಟಿ ರೂಪಾಯಿಯ ಬಜೆಟ್ ಕೂಡ ಚುನಾಯಿತ ಸಭೆ ಇಲ್ಲದೆ ಮಂಡನೆಯಾಯಿತು. ಸಾಮಾನ್ಯ ಮನುಷ್ಯನಿಗೆ ಸರ್ಕಾರ ಎಂದರೆ ಮೊದಲು ನಗರಸೇವಕನೇ. ಬೆಳಿಗ್ಗೆ ಅವನ ಶಾಖೆಯ ಮುಂದೆ ನಿಂತು ‘ಸಾಹೇಬ್, ಗಟಾರ ನೋಡಿ’ ಅನ್ನಬಹುದು. ಆ ಬಾಗಿಲು ಮುಚ್ಚಿದಾಗ ನಿಮಗೆ ಹೋಗಲು ಜಾಗ ಇರಲಿಲ್ಲ. ಮೇಲಿನವರಿಗೆ ಆ ಬಾಗಿಲು ಮೊದಲೂ ಬೇಕಿರಲಿಲ್ಲ, ಆಗಲೂ ಬೇಕಾಗಲಿಲ್ಲ.

ಅಮೆರಿಕದ ಅಧ್ಯಯನದ ಬಗ್ಗೆ ನಿಮ್ಮ ಮಗ ಹೇಳಿದ್ದು ಮಾರ್ಟಿನ್ ಗಿಲೆನ್ಸ್ ಮತ್ತು ಬೆಂಜಮಿನ್ ಪೇಜ್ 2014ರಲ್ಲಿ ಪ್ರಕಟಿಸಿದ್ದು ಇರಬೇಕು. 1981ರಿಂದ 2002ರವರೆಗಿನ 1,779 ನೀತಿ ಪ್ರಶ್ನೆಗಳನ್ನು ತೆಗೆದುಕೊಂಡು, ಮಧ್ಯಮ ವರ್ಗದವರಿಗೆ ಏನು ಬೇಕಿತ್ತು, ಶ್ರೀಮಂತರಿಗೆ ಏನು ಬೇಕಿತ್ತು, ಕೊನೆಗೆ ಸರ್ಕಾರ ಏನು ಮಾಡಿತು ಎಂದು ಅವರು ಹೋಲಿಸಿದರು. ಶ್ರೀಮಂತರ ಮತ್ತು ವ್ಯಾಪಾರ ಸಂಘಟನೆಗಳ ಅಭಿಪ್ರಾಯಕ್ಕೆ ನೀತಿಯ ಮೇಲೆ ಸ್ಪಷ್ಟ ಪ್ರಭಾವ ಇದೆ, ಸಾಮಾನ್ಯರ ಅಭಿಪ್ರಾಯಕ್ಕೆ ಪ್ರತ್ಯೇಕವಾಗಿ ಇರುವ ಪ್ರಭಾವ ತೀರಾ ಕಡಿಮೆ ಎಂಬುದು ಅವರ ತೀರ್ಮಾನ. ಇದು ದೊಡ್ಡ ಸುದ್ದಿಯಾಯಿತು. ಆದರೆ ಬೇರೆ ವಿದ್ವಾಂಸರು ಅದೇ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಹತ್ತರಲ್ಲಿ ಒಂಬತ್ತು ವಿಷಯಗಳಲ್ಲಿ ಮಧ್ಯಮದವರೂ ಶ್ರೀಮಂತರೂ ಬಯಸಿದ್ದು ಒಂದೇ. ಭಿನ್ನಾಭಿಪ್ರಾಯ ಇದ್ದದ್ದು 185 ವಿಷಯಗಳಲ್ಲಿ. ಅವುಗಳಲ್ಲಿ ಶ್ರೀಮಂತರ ಇಷ್ಟದಂತೆ ಆದದ್ದು ಶೇ. 53, ಮಧ್ಯಮದವರ ಇಷ್ಟದಂತೆ ಆದದ್ದು ಶೇ. 47. ಹಾಗಾಗಿ ‘ಸಾಮಾನ್ಯರ ಮಾತಿಗೆ ಬೆಲೆ ಸೊನ್ನೆ ಎಂದು ಸಾಬೀತಾಗಿದೆ’ ಎನ್ನುವುದು ಜಾಸ್ತಿಯಾಯಿತು. ವಾಲಿಕೆ ಇದೆ, ಆದರೆ ತಕ್ಕಡಿ ಪೂರ್ತಿ ಒಂದೇ ಕಡೆ ಬಿದ್ದಿಲ್ಲ.

ಅಮೆರಿಕದ ಲೆಕ್ಕವನ್ನು ಎತ್ತಿ ಇಲ್ಲಿ ಇಡಲೂ ಬರುವುದಿಲ್ಲ. ಅಲ್ಲಿ ಶ್ರೀಮಂತರು ಬಡವರಿಗಿಂತ ಜಾಸ್ತಿ ಓಟು ಹಾಕುತ್ತಾರೆ, ನಮ್ಮಲ್ಲಿ ಹಾಗಿಲ್ಲ. ಇನ್ನೊಂದು ಕಡೆ, ಅಲ್ಲಿ ಯಾವ ಕಂಪನಿಯ ಪರವಾಗಿ ಯಾರು ಸಂಸದರ ಬಳಿ ಲಾಬಿ ಮಾಡುತ್ತಿದ್ದಾರೆ ಎಂದು ನೋಂದಾಯಿಸಬೇಕು. 1995ರಿಂದ ಅದಕ್ಕೆ ಕಾನೂನು ಇದೆ, ಎಷ್ಟು ಖರ್ಚಾಯಿತು ಎಂಬುದೂ ದಾಖಲಾಗುತ್ತದೆ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ನಮ್ಮ ದೇಶದಲ್ಲಿ ಯಾರಾದರೂ ಆ 1,779 ಪ್ರಶ್ನೆಗಳಂಥ ಲೆಕ್ಕ ಮಾಡಲು ಹೊರಟರೆ ಅರ್ಧ ಮಾಹಿತಿಯೇ ಸಿಗುವುದಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ.

‘ಹಾಗಾದರೆ ಓಟು ಯಾಕೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಓಟು ನಿಲ್ಲಿಸಿದರೆ ದುಡ್ಡಿನ ಬಲ ಕಡಿಮೆಯಾಗುವುದಿಲ್ಲ, ಅದನ್ನು ತಡೆಯುವ ಒಂದೇ ಒಂದು ಹೆದರಿಕೆಯೂ ಹೋಗುತ್ತದೆ. 500 ಚದರ ಅಡಿಯ ಮನ್ನಾ, ಟೋಲ್, 300 ಚದರ ಅಡಿಯ ಮನೆ, ಇವೆಲ್ಲ ಆ ಹೆದರಿಕೆಯಿಂದ ಬಂದವು. ಆದರೆ ಓಟು ಹಾಕಿ ಬೆರಳಿನ ಶಾಯಿ ಒಣಗಿದ ಮೇಲೆ ಐದು ವರ್ಷ ಸುಮ್ನೆ ಕೂತರೆ ನಿಯಮ ಬರೆಯುವ ಕೆಲಸವನ್ನು ನಾವೇ ಬೇರೆಯವರಿಗೆ ಬಿಟ್ಟುಕೊಟ್ಟಂತೆ. ಕೂಡಿ ನಿಂತರೆ ದುಡ್ಡಿಲ್ಲದವರಿಗೂ ಕೆಲಸ ಆಗುತ್ತದೆ ಎಂಬುದಕ್ಕೆ ಇಲ್ಲೇ ಉದಾಹರಣೆ ಇದೆ. ‘ಪಾಣಿ ಹಕ್ ಸಮಿತಿ’ ಎಂಬ ಸಂಘಟನೆ ಹೈಕೋರ್ಟಿಗೆ ಹೋಗಿ, 2000ದ ನಂತರ ಬಂದ ಕೊಳೆಗೇರಿಗಳಿಗೂ ಕುಡಿಯುವ ನೀರು ಕೊಡಬೇಕು ಎಂಬ ಆದೇಶವನ್ನು 2014ರ ಡಿಸೆಂಬರಿನಲ್ಲಿ ತಂದಿತು. ಮನೆ ಅಕ್ರಮವಾದರೂ ಬಾಯಾರಿಕೆ ಅಕ್ರಮ ಅಲ್ಲ ಎಂಬ ವಾದ ಅಲ್ಲಿ ಗೆದ್ದಿತು. 2015ರಲ್ಲಿ ಮುಂಬೈಯ ಅಭಿವೃದ್ಧಿ ಯೋಜನೆಯ ಕರಡು ಬಂದಾಗ ಅದರ ತಪ್ಪುಗಳನ್ನು ಜನ ಒಂದೊಂದಾಗಿ ತೋರಿಸಿದರು. ಹತ್ತಾರು ಸಾವಿರ ಆಕ್ಷೇಪಣೆಗಳು ಬಿದ್ದವು. ಆ ಕರಡನ್ನು ಹಿಂದಕ್ಕೆ ತೆಗೆದು ಹೊಸದಾಗಿ ಬರೆಯಬೇಕಾಯಿತು.

ಆ ‘ಹರಕತಿ–ಸೂಚನಾ’ ನೋಟಿಸುಗಳನ್ನು, ಅಂದರೆ ಆಕ್ಷೇಪಣೆ ಸಲಹೆ ಕೇಳುವ ಪ್ರಕಟಣೆಗಳನ್ನು, ನಮ್ಮವರು ಓದುವುದೇ ಇಲ್ಲ. ಮರಾಠಿ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅಭಿವೃದ್ಧಿ ನಿಯಮ ಬದಲಿಸುವ ಮೊದಲು ಸಾಮಾನ್ಯವಾಗಿ ಒಂದು ತಿಂಗಳು ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಎಂಜಿನಿಯರಿಂಗ್ ಓದುವ ಹುಡುಗನಿಗೆ ನಕ್ಷೆ ಓದಲು ಬರುತ್ತದೆ, ಎಫ್‌ಎಸ್‌ಐ ಎಂದರೇನು (ಪ್ಲಾಟಿನ ಅಳತೆಗೆ ಎಷ್ಟು ಕಟ್ಟಬಹುದು ಎಂಬ ಲೆಕ್ಕ) ಎಂದು ಅರ್ಥವಾಗುತ್ತದೆ. ಓಟಿನ ಮೇಲೆ ನಂಬಿಕೆ ಇಲ್ಲದಿದ್ದರೆ ಇದನ್ನಾದರೂ ಮಾಡು ಎಂದು ಅವನಿಗೆ ಹೇಳಿ. ನಿಮ್ಮ ರಸ್ತೆಯ ಬಗ್ಗೆ, ಪಕ್ಕದ ಪ್ಲಾಟಿನ ಬಗ್ಗೆ ನೋಟಿಸು ಬಂದರೆ ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ, ಎಲ್ಲ ಮನೆಯವರ ಸಹಿ ಹಾಕಿಸಿ ಆಕ್ಷೇಪಣೆ ಕೊಡಲಿ. ಚುನಾವಣೆಯಲ್ಲಿ ಅಭ್ಯರ್ಥಿಗಳು ಕೊಡುವ ಪ್ರಮಾಣಪತ್ರಗಳೂ ಎಲ್ಲರಿಗೂ ನೋಡಲು ಸಿಗುತ್ತವೆ. ಆಸ್ತಿ, ಸಾಲ, ಕೇಸು, ಎಲ್ಲ ಅದರಲ್ಲಿ ಇರುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಕೊಡಿಸಿದ ಹಕ್ಕು ಅದು.

ಗಟಾರಕ್ಕೆ ಮಾಡಬೇಕಾದದ್ದು ಇಷ್ಟು. ಈವರೆಗೆ ಕೊಟ್ಟ ಅರ್ಜಿಗಳ ನಕಲು, ಸ್ವೀಕೃತಿ ಸಂಖ್ಯೆ ಎಲ್ಲ ಒಂದು ಫೈಲಿಗೆ ಸೇರಿಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಮೂರು ಪ್ರಶ್ನೆ ಕೇಳಿ. ನಮ್ಮ ಅರ್ಜಿಗಳ ಮೇಲೆ ಯಾವ ದಿನ ಯಾವ ಅಧಿಕಾರಿ ಏನು ಬರೆದಿದ್ದಾರೆ? ಕಳೆದ ಎರಡು ವರ್ಷದಲ್ಲಿ ಈ ರಸ್ತೆಯ ಗಟಾರಕ್ಕೆ ಎಷ್ಟು ಹಣ ಮಂಜೂರಾಗಿದೆ? ಟವರಿನ ಮುಂದಿನ ಕೆಲಸ ಯಾವ ಲೆಕ್ಕದಲ್ಲಿ ಆಯಿತು? ಮೂರನೇ ಪ್ರಶ್ನೆ ಬಿಡಬೇಡಿ, ಉತ್ತರ ಅದರಲ್ಲೇ ಇರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಉತ್ತರ ಕೈಗೆ ಬಂದ ಮೇಲೆ ಒಬ್ಬರೇ ಹೋಗಬೇಡಿ. ಪಕ್ಕದ ಸೊಸೈಟಿಯವರನ್ನೂ ಚಾಳಿನವರನ್ನೂ ಕರೆದುಕೊಂಡು, ಮತದಾರರ ಪಟ್ಟಿಯ ಆ ಭಾಗದ ಪ್ರತಿಯನ್ನೂ ಹಿಡಿದುಕೊಂಡು ಈಗ ಹೊಸದಾಗಿ ಆರಿಸಿ ಬಂದಿರುವ ನಗರಸೇವಕರ ಬಳಿ ಹೋಗಿ. ಮಳೆಗಾಲಕ್ಕೆ ಮೊದಲು ಹೂಳು ತೆಗೆಯುವ ಟೆಂಡರಿನ ಪಟ್ಟಿಯಲ್ಲಿ ನಿಮ್ಮ ಗಟಾರದ ಹೆಸರು ಇದೆಯೇ ಎಂದು ಅಲ್ಲೇ ತೆರೆದು ತೋರಿಸಲು ಹೇಳಿ.